ಕಿವಿಯಕ್ಕನ ಗುಜರಿ ಕಂಪ್ಯೂಟರ್

ಕಿವಿಯಕ್ಕ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ರೆಕಾರ್ಡಿಂಗ್ ಸ್ಟುಡಿಯೊದ ಗಾಜಿನ ಆಚೆ ಓದುತ್ತಿದ್ದವರು ಕುರ್ಚಿಯಲ್ಲಿ ಒಂಚೂರು ವಾಲಿದರೂ ಸಾಕು, ಈಚೆ ಕೂತವಳು ಕೈ ಎತ್ತುತ್ತಿದ್ದಳು. "ಕುರ್ಚಿ ಕಿರ್ ಅಂತು. ಆ ಸಾಲು ಇನ್ನೊಂದ್ಸಲ ಓದಿ." ತಮ್ಮನ ಜೊತೆ ಸೇರಿ ಆ ಸ್ಟುಡಿಯೊ ಕಟ್ಟಿದವಳು ಅವಳು. ಗೋಡೆಗೆ ಹಳೇ ಹಾಸಿಗೆ ಬಡಿದು, ಬಾಗಿಲ ಸಂದಿಗೆ ಕಂಬಳಿ ತುರುಕಿ, ಬೀದಿಯ ಗದ್ದಲವನ್ನು ಬೀದಿಯಲ್ಲೇ ನಿಲ್ಲಿಸಿದವಳು.

ಅಂಥವಳ ಬಗ್ಗೆ ತಮ್ಮ ಒಂದು ದಿನ ಗಿರಾಕಿಗಳ ಎದುರೇ ಅಂದುಬಿಟ್ಟ. "ಅಕ್ಕನಿಗೆ ವಯಸ್ಸಾಯ್ತು, ಕಿವಿ ಹೋಗಿದೆ. ಇನ್ಮೇಲೆ ಎಲ್ಲಾ ನಾನೇ ನೋಡ್ಕೋತೀನಿ." ಯಾರೋ ಕಿಸಕ್ಕನೆ ನಕ್ಕರು. ಸಂಜೆಯೊಳಗೆ ಕಿವಿಯಕ್ಕ ಕಿವುಡಕ್ಕ ಆಗಿದ್ದಳು.

ಅವಳು ಚೀಲ ಎತ್ತಿಕೊಂಡಳು. ತಮ್ಮ ದೊಡ್ಡ ಮನಸ್ಸು ಮಾಡಿದವನಂತೆ ಹಳೇ ಕಂಪ್ಯೂಟರನ್ನು ಆಟೋದಲ್ಲಿ ಇಟ್ಟ. "ಗುಜರಿಯವನಿಗೂ ಬೇಡವಂತೆ. ತಗೊಂಡು ಹೋಗು, ಹಾಡಾದ್ರೂ ಕೇಳು." ಅವಳು ಅದನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು ಬಟ್ಟೆ ಮುಚ್ಚಿದಳು. ಇಂಟರ್ನೆಟ್ ತೋರಿಸಲಿಲ್ಲ, ಅಪ್‌ಡೇಟ್ ಮಾಡಲಿಲ್ಲ. ದಿನಾ ಧೂಳು ಒರೆಸುವಾಗ, ಕಿವಿ ಹೋಗಿದೆ ಎಂಬ ಆ ಮಾತನ್ನೂ ಒರೆಸಿ ಹೊಳಪು ಮಾಡಿ ಇಟ್ಟುಕೊಂಡಳು.

ಹಾಲು ಉಕ್ಕುವಾಗ ಒಲೆ ಬದಲಿಸಬಾರದು, ಕೆಲಸ ಅರ್ಧದಲ್ಲಿರುವಾಗ ಅಪ್‌ಡೇಟ್ ಒತ್ತಬಾರದು ಎಂಬುದು ಅವಳ ನಿಯಮ. ತಮ್ಮ ಸ್ಟುಡಿಯೊದ ಹೊಸ ಕಂಪ್ಯೂಟರಿನಲ್ಲಿ ಒತ್ತಿದ. ಆಗ ಅವನ ಕೈಯಲ್ಲಿದ್ದದ್ದು ಒಬ್ಬ ಪ್ರಕಾಶಕಿಯ ಕೇಳುವ ಪುಸ್ತಕ. ವಯಸ್ಸಾದ ನಟಿಯೊಬ್ಬಳು ಓದಿದ್ದಳು. ಆಮೇಲೆ ಗಂಟಲಿಗೆ ಆಪರೇಷನ್ ಆಗಿ ಅವಳ ದನಿಯೇ ಹೋಗಿತ್ತು. ಮತ್ತೆ ಓದಿಸುವ ಹಾಗಿರಲಿಲ್ಲ. ಓದುವಾಗ ಸೆಕೆಯೆಂದು ಫ್ಯಾನ್ ಹಾಕಿಸಿಕೊಂಡಿದ್ದಳು. ಆ ಗುಂಯ್‌ಗುಡುವಿಕೆಯನ್ನು ಕಿವಿಯಕ್ಕ ಒಂದು ಪ್ಲಗಿನ್ ಹಾಕಿ ಎಳೆ ಎಳೆಯಾಗಿ ತೆಗೆದಿದ್ದಳು. ಪ್ಲಗಿನ್ ಅಂದರೆ ಮಿಕ್ಸಿಗೆ ಜಾರ್ ಕೂರಿಸಿದ ಹಾಗೆ, ದೊಡ್ಡ ಸಾಫ್ಟ್‌ವೇರ್ ಮೇಲೆ ಕೂರುವ ಚಿಕ್ಕದು; ಅದು ಇದ್ದರಷ್ಟೇ ಫ್ಯಾನಿನ ಸದ್ದು ಸೋಸಿಹೋಗುತ್ತಿತ್ತು. ಅಪ್‌ಡೇಟ್ ಆದ ಮೇಲೆ ಹೊಸ ಮಿಕ್ಸಿಗೆ ಹಳೇ ಜಾರ್ ಕೂರಲಿಲ್ಲ. ಪ್ಲಗಿನ್ ಸಿಗುತ್ತಿಲ್ಲ ಎಂದು ಪರದೆಯ ಮೇಲೆ ಬರೆದು ಬಂತು. ತಮ್ಮ ಓದದೆ ಸರಿ ಎಂದು ಒತ್ತಿ, ಪುಸ್ತಕವನ್ನು ಕಳಿಸಿಯೇಬಿಟ್ಟ.

ಪ್ರಕಾಶಕಿ ಫೋನಿನಲ್ಲೇ ಹರಿಹಾಯ್ದಳು. "ಏನ್ರೀ ಇದು, ಹಿಟ್ಟಿನ ಗಿರಣಿಯಲ್ಲಿ ಕೂತು ಓದಿದ ಹಾಗಿದೆ. ನಿಮಗೆ ಕೇಳಿಸಲಿಲ್ವಾ?"

ಅವನು ಪ್ಲಗಿನ್ ಕಿತ್ತು ಮತ್ತೆ ಹಾಕಿದ. ಅದರ ಹಳೇ ಫೈಲನ್ನು ಹೊಸ ಜಾಗಕ್ಕೆ ಸರಿಸಿ ಕಂಪ್ಯೂಟರಿನಿಂದ ಮತ್ತೆ ಹುಡುಕಿಸಿದ. ಒಂದೂ ಫಲಿಸಲಿಲ್ಲ. ಹೊಸದು ತರಿಸೋಣವೆಂದರೆ ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿಕೊಂಡು ಎಷ್ಟೋ ಕಾಲವಾಗಿತ್ತು. ಕೊನೆಗೆ ಅಕ್ಕನ ಬಾಗಿಲಿಗೆ ಬಂದ.

"ಅಕ್ಕ, ನಿನ್ನ ಕಂಪ್ಯೂಟರಲ್ಲಿ ಅದು ಇದೆಯಲ್ಲ..."

"ಗುಜರಿ ಕಣೋ ಅದು."

"ತಪ್ಪಾಯ್ತು ಅಂತೀನಲ್ಲ."

"ನನ್ನ ಹತ್ತಿರ ಯಾಕೆ ಅಂತೀಯ? ಅವತ್ತು ಅಂದಿದ್ದು ಗಿರಾಕಿ ಮುಂದೆ. ಇದನ್ನೂ ಗಿರಾಕಿ ಮುಂದೇನೇ ಅನ್ನು. ಆ ಪ್ರಕಾಶಕೀನ ಕರ್ಕೊಂಡು ಬಾ."

ಕರೆತಂದ. ಪ್ರಕಾಶಕಿ ಅಡುಗೆಮನೆಯ ಮಣೆಯ ಮೇಲೆ ಕೂತಳು. ತಮ್ಮ ನೆಲ ನೋಡುತ್ತ, "ಅಕ್ಕನ ಕಿವಿ ಸರಿಯಾಗೇ ಇದೆ. ಕೇಳಿಸದೆ ಹೋಗಿದ್ದು ನನಗೆ" ಅಂದ.

"ತಲೆ ಎತ್ತಿ ಹೇಳು," ಅಂದಳು ಅಕ್ಕ. ಎತ್ತಿ ಇನ್ನೊಮ್ಮೆ ಹೇಳಿದ.

ಆಮೇಲೆ ಬಟ್ಟೆ ಸರಿಸಿದಳು. ಕಂಪ್ಯೂಟರ್ ತಿಣುಕುತ್ತ ಎದ್ದಿತು. ತಮ್ಮ ತಂದಿದ್ದ ಪುಸ್ತಕದ ಫೈಲುಗಳನ್ನು ಅದಕ್ಕೆ ಹಾಕಿದಳು. ನಟಿಯ ದನಿ ತೊಳೆದ ಗಾಜಿನಂತೆ ಹೊರಬಂತು. ಇನ್ನು ಯಾವ ಪ್ಲಗಿನ್ನಿನ ಹಂಗೂ ಬೇಡವೆಂದು ಅಧ್ಯಾಯಗಳನ್ನೆಲ್ಲ ಶುದ್ಧ ಮಾಡಿದ ದನಿಯಲ್ಲೇ ಹೊಸದಾಗಿ ಒಂದು ಪೆನ್‌ಡ್ರೈವಿನಲ್ಲಿ ಉಳಿಸಿ, ಅದನ್ನು ತಮ್ಮ ಚಾಚಿದ ಕೈ ದಾಟಿಸಿ ಪ್ರಕಾಶಕಿಯ ಕೈಗೇ ಕೊಟ್ಟಳು.

"ಮುಂದಿನ ಪುಸ್ತಕಾನೂ ಇಲ್ಲೇ ಮಾಡಿಸ್ತೀನಿ ಕಿವಿಯಕ್ಕ," ಎಂದು ಅವಳು ಹೊರಟಳು.

ತಮ್ಮ ಹೊಸಿಲಲ್ಲೇ ನಿಂತಿದ್ದ. "ಅಕ್ಕ, ಹಳೇ ಕೆಲಸ ಎಲ್ಲಾ ಹಾಗೇ ಕೆಟ್ಟು ಕೂತಿದೆ. ಈ ಕಂಪ್ಯೂಟರ್ ವಾಪಸ್ ಕೊಡ್ತೀಯಾ?"

ಅವಳು ಹೆಡ್‌ಫೋನ್ ಏರಿಸಿಕೊಂಡಳು. "ಏನಂದೆ?"

ಅವನು ಜೋರಾಗಿ ಹೇಳಿದ. ಎದುರು ಮನೆಯವರು ಕಿಟಕಿಯಲ್ಲಿ ಇಣುಕಿದರು.

"ಊಹೂಂ, ಕೇಳಿಸಲ್ಲಪ್ಪ. ವಯಸ್ಸಾಯ್ತು ನೋಡು."

ಹೆಡ್‌ಫೋನಿನಲ್ಲಿ ಏನೂ ಓಡುತ್ತಿರಲಿಲ್ಲ. ಅವನ ಚಪ್ಪಲಿ ಬೀದಿಯ ತಿರುವಿನವರೆಗೆ ನೆಲ ಉಜ್ಜಿಕೊಂಡು ಹೋದ ಸದ್ದನ್ನು ಅವಳು ಒಂದು ಹೆಜ್ಜೆಯೂ ಬಿಡದೆ ಕೇಳಿದಳು.