ನೆಗೆಣ್ಣಿಯ ಸಂಜೆಮಲ್ಲಿಗೆ

ಕಂಪ್ಲಿಯಲ್ಲಿರುವ ನನ್ನ ನೆಗೆಣ್ಣಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ನೆಗೆಣ್ಣಿ ಅಂದರೆ ಮೈದುನನ ಹೆಂಡತಿ, ಗಿರಿಜಾ. ಅವಳ ಸೀರೆ ಕಂಡಲ್ಲ, ಬಂಗಾರ ಕಂಡಲ್ಲ, ನಾನು ಉರಿಯುವುದು ಅವಳ ಬಚ್ಚಲ ನೀರು ಕುಡಿದು ಬೆಳೆದ ಒಂದು ಸಂಜೆಮಲ್ಲಿಗೆ ಗಿಡ ಕಂಡು. ಹೊಸಪೇಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು ನಾನು; ಹೂವು ಬಿಡುವುದು ಅವಳ ಹಿತ್ತಲಲ್ಲಿ!

ಎಂಥ ಹೂವು ಅಂತೀರಿ! ಅರಿಶಿನ ಬಣ್ಣದ ಹೂವಿನ ಮೇಲೆ ಕುಂಕುಮ ಚಿಮುಕಿಸಿದ ಹಾಗೆ ಕೆಂಪು. ಒಂದರಲ್ಲಿ ಬರೀ ಚುಕ್ಕೆ, ಪಕ್ಕದ್ದರಲ್ಲಿ ಗೆರೆ, ಇನ್ನೊಂದು ಅರ್ಧ ಹಳದಿ ಅರ್ಧ ಕೆಂಪು. ಸಂಜೆ ಅವು ಬಿರಿಯುತ್ತಲೇ ನಮ್ಮ ಅತ್ತೆ ಕಟ್ಟೆಯ ಮೇಲೆ ಕೂತು, ಹೂವಿನ ಉದ್ದನೆಯ ತೊಟ್ಟುಗಳನ್ನೇ ಜಡೆಯಂತೆ ಹೆಣೆದು, ದಾರವಿಲ್ಲದೆ ಮಾಲೆ ಮಾಡುತ್ತಾರೆ. ಮೊದಲೆಲ್ಲ ಎರಡೂ ಮನೆಗಳಲ್ಲಿ ಸಮನಾಗಿ ಇರುತ್ತಿದ್ದ ಅತ್ತೆ ಈಚೆಗೆ ನಮ್ಮಲ್ಲಿಗೆ ಬಂದರೂ ವಾರ ತುಂಬುವ ಮೊದಲೇ ಚೀಲ ಎತ್ತುತ್ತಿದ್ದರು. ನನಗೋ ಅತ್ತೆ ಬೇಕು. ತಾಯಿಯಿಲ್ಲದವಳು ನಾನು, ಕಾಲೇಜಿನಿಂದ ಸೋತು ಬಂದಾಗ 'ಉಂಡಿಯೇನು' ಎಂದು ಕೇಳುವ ಜೀವ ಅದೊಂದೇ. ಆ ಜೀವವನ್ನು ಕಂಪ್ಲಿಯಲ್ಲಿ ಹಿಡಿದಿಟ್ಟಿರುವುದು ಆ ಹೂವೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಆ ಗೆರೆಗಳ ಗುಟ್ಟು ನನಗೆ ಗೊತ್ತು, ಗಿರಿಜಾಗೆ ಗೊತ್ತಿಲ್ಲ ಎನ್ನುವುದೊಂದೇ ಸಮಾಧಾನ. ಗಿಡದ ಡಿಎನ್‌ಎಯಲ್ಲಿ ಕೂತ ಕಡೆ ಕೂರಲಾರದ ತುಣುಕುಗಳಿರುತ್ತವೆ. ಅಂಥದ್ದೊಂದು ಬಂದು ಕೆಂಪು ಬಣ್ಣ ಮಾಡುವ ಜೀನಿನ ನಟ್ಟನಡುವೆ ಕೂತರೆ ಆ ಜೀನು ಬಾಯಿ ಮುಚ್ಚಿಕೊಳ್ಳುತ್ತದೆ, ಹೂವು ಹಳದಿಯಾಗಿಯೇ ಉಳಿಯುತ್ತದೆ. ಯಾವುದೋ ಒಂದು ಕೋಶದಲ್ಲಿ ಅದು ಎದ್ದುಹೋಯಿತೋ, ಜೀನು ಮತ್ತೆ ಕೆಲಸ ಶುರುಮಾಡಿ, ಆ ಕೋಶದ ಸಂತಾನವೆಲ್ಲ ಕೆಂಪಾಗುತ್ತದೆ. ಮೊಗ್ಗು ಬೆಳೆಯುವಾಗ ಬೇಗ ಎದ್ದರೆ ಅಗಲವಾದ ಗೆರೆ, ತಡವಾಗಿ ಎದ್ದರೆ ಚುಕ್ಕೆ. ಮೆಕ್ಕೆಜೋಳದ ಚುಕ್ಕೆ ಕಾಳು ನೋಡಿ ಮೊದಲ ಸಲ ಇದನ್ನು ಹೇಳಿದ ಹೆಣ್ಣುಮಗಳ ಮಾತನ್ನು ಹೆಚ್ಚಿನವರು ಬಹಳ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ನನ್ನ ಮಾತನ್ನು ನಮ್ಮ ಮನೆಯಲ್ಲಿ ಈಗಲೂ ಯಾರೂ ಹಾಕಿಕೊಳ್ಳುವುದಿಲ್ಲ.

ಯುಗಾದಿಗೆ ಕಂಪ್ಲಿಗೆ ಹೋದಾಗ, ಬೇಕಾದಷ್ಟು ಬೀಜ ತಗೊಳ್ಳಿರೆಂದು ಗಿರಿಜಾ ತಾನಾಗಿಯೇ ಹೇಳಿದಳು. ಅವಳ ಈ ಧಾರಾಳತನ ಕಂಡರೂ ನನಗೆ ಉರಿ. ಗಿಡದ ಒಂದು ಕೊಂಬೆಯ ಹೂವೆಲ್ಲ ಪೂರ್ತಿ ಕೆಂಪಾಗಿದ್ದವು. ಎಲ್ಲಕ್ಕಿಂತ ಹೆಚ್ಚು ಬಣ್ಣ ಇಲ್ಲೇ ಇದೆ, ನನ್ನ ಗಿಡ ಅವಳದನ್ನು ಮೀರಿಸಲಿ ಎಂದು, ಆ ಕೊಂಬೆಯ ಮೆಣಸಿನಕಾಳಿನಂಥ ಬೀಜಗಳನ್ನೇ ಆರಿಸಿ ಸೆರಗಿಗೆ ಕಟ್ಟಿಕೊಂಡೆ. ಇಡೀ ಕೊಂಬೆ ಕೆಂಪಾಗಿದೆ ಅಂದರೆ ಜಿಗಿಯುವ ತುಣುಕು ಅಲ್ಲಿಂದ ಜಾಗ ಖಾಲಿ ಮಾಡಿದೆ, ಅದರ ಬೀಜವನ್ನು ನಂಬಿ ಗೆರೆಗೆ ಕಾಯಬಾರದು. ಇದನ್ನೇ ಹಿಂದಿನ ವಾರ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಮಳೆಗಾಲದಲ್ಲಿ ನನ್ನ ಗಿಡಗಳೂ ಹೂಬಿಟ್ಟವು. ಎಲ್ಲವೂ ಅಚ್ಚ ಕೆಂಪು; ಗೆರೆಯಿಲ್ಲ, ಚುಕ್ಕೆಯಿಲ್ಲ. ಹಾದಿಬದಿಯಲ್ಲಿ ಯಾರೂ ಕೇಳದೆ ಬೆಳೆಯುತ್ತದಲ್ಲ, ಅದೇ ಹೂವು. ಫೋನಿನಲ್ಲಿ ಮೊದಲೇ ಡಂಗುರ ಸಾರಿದ್ದೆನಾದ್ದರಿಂದ ಅತ್ತೆ ನೋಡಲು ಬಂದೇಬಿಟ್ಟರು. ಹೂವು ಬಿಡಿಸಿ ಮಡಿಲಿಗೆ ಹಾಕಿಕೊಂಡು ಹೆಣೆಯತೊಡಗಿದರು. ನಾನು ಪಕ್ಕದಲ್ಲಿ ಕೂತು ಜೀನು, ಜಿಗಿತ, ಕೊಂಬೆ ಎಲ್ಲವನ್ನೂ ಒಪ್ಪಿಸಿ, ಕೊನೆಗೆ ತಡೆಯಲಾರದೆ, ಗೆರೆ ಬಂದಿದ್ದರೆ ನೀವು ಇಲ್ಲೇ ಉಳಿಯುತ್ತಿದ್ದಿರಿ ಎಂದುಬಿಟ್ಟೆ.

"ಹೆಣಿಯಾಕ ತೊಟ್ಟು ಉದ್ದ ಇದ್ರ ಸಾಕವ್ವ. ಬಣ್ಣ ಕಟ್ಟಿಕೊಂಡು ನಾ ಏನ್ ಮಾಡ್ಲಿ?" ಎಂದರು ಅತ್ತೆ.

ಹಾಗಾದರೆ ಇಲ್ಲಿಂದ ಅಷ್ಟು ಬೇಗ ಹೋಗುವುದೇಕೆ ಎಂದು ಕೇಳಿದೆ. ಅತ್ತೆ ತಲೆ ಎತ್ತಲಿಲ್ಲ.

"ನಾ ಬಂದು ಚೀಲ ಇಡೂದ್ರಾಗ ನೀ 'ಯಾವಾಗ ಹೊಂಟ್ರಿ' ಅಂತಿ. ಗಿರಿಜಾ ನಾ ಹೊಂಟಾಗ 'ಯಾವಾಗ ಬರ್ತೀರಿ' ಅಂತಾಳ."

ನಾನು ಹಾಗೆ ಕೇಳುತ್ತಿದ್ದದ್ದು ನಿಜ. ನನ್ನ ಪಾಲಿಗೆ ಎಷ್ಟು ದಿನ, ಅವಳ ಪಾಲಿಗೆ ಎಷ್ಟು ದಿನ ಎಂಬ ಸಂಕಟಕ್ಕೆ ಕೇಳುತ್ತಿದ್ದೆ. 'ಇಲ್ಲೇ ಇರ್ರಿ ಅತ್ತಿ' ಎನ್ನಬೇಕಿದ್ದ ಮಾತಿನ ನಟ್ಟನಡುವೆ ಹೊಟ್ಟೆಕಿಚ್ಚು ಬಂದು ಕೂತಿತ್ತು, ಮಾತು ಬಾಯಿ ಮುಚ್ಚಿಕೊಂಡಿತ್ತು. ವರ್ಷವರ್ಷವೂ ಅದೇ ಪಾಠ ಮಾಡುವವಳಿಗೆ ಇದು ಹೊಳೆಯಬಾರದೆ? ಕಣ್ಣು ತುಂಬಿ ಬಂತು. ಅತ್ತೆ ನೋಡಿಯೂ ನೋಡದವರಂತೆ ಇನ್ನೊಂದು ಹೂವು ಎತ್ತಿಕೊಂಡರು.

ಆ ಸಲ ಅವರು ಮಹಾನವಮಿ ಮುಗಿಸಿಕೊಂಡೇ ಹೊರಟರು. ಕಂಪ್ಲಿಗೆ ಹೋಗುವ ಸಂಜೆ ಬಸ್ಸಿನ ಕಿಟಕಿಯ ಕೆಳಗೆ ನಿಂತು, "ಯಾವಾಗ ಬರ್ತೀರಿ?" ಎಂದೆ.

"ಇನ್ನ ಬಸ್ಸೇ ಬಿಟ್ಟಿಲ್ಲಲ್ಲವ್ವ," ಎಂದು ನಕ್ಕರು. ಅವರ ಮಡಿಲಲ್ಲಿ ಆಗಷ್ಟೇ ಹೆಣೆದ ನನ್ನ ಕೆಂಪು ಹೂವಿನ ಮಾಲೆಯಿತ್ತು. ಗಿರಿಜಾಗಂತೆ.

ನನ್ನ ಗಿಡದ ಹೂವು, ಅವಳ ಮುಡಿಗೆ! ಇಲ್ಲ, ನನ್ನ ಹೊಟ್ಟೆಕಿಚ್ಚು ಎಲ್ಲಿಗೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೇ. ಮಾತಿಗೆ ಅಡ್ಡ ಬರದಿದ್ದರೆ ಎಲ್ಲಾದರೂ ಕೂತಿರಲಿ.