ಅಜ್ಜಿಯ ತ್ರೀಡಿ ಫೋಟೋಗೆ ಹಾರ

ನೋಡಿ ಸ್ನೇಹಿತರೇ, ತ್ರೀಡಿ ಹುಚ್ಚು ನನ್ನದೇ, ಒಪ್ಪಿದೆ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಎಂದು ಅಜ್ಜಿಯ ಎರಡು ಫೋಟೋ ತೆಗೆದು, ಜೋಡಿಯಾಗಿ ಪ್ರಿಂಟ್ ಹಾಕಲು ದೊಡ್ಡಬಳ್ಳಾಪುರದ ಲ್ಯಾಬಿಗೆ ಕೊಟ್ಟಿದ್ದೆ. ಮಸೂರದ ಡಬ್ಬಿಯಲ್ಲಿಟ್ಟು ನೋಡಿದರೆ ಅಜ್ಜಿ ಎದುರಿಗೇ ಕೂತಂತೆ ಕಾಣಬೇಕು. ಇವತ್ತು ಹೋದರೆ ದೊಡ್ಡ ಫ್ರೇಮಿನಲ್ಲಿ ಒಂದೇ ಅಜ್ಜಿ, ಸುತ್ತ ಹೂವಿನ ಹಾರ, ಕೆಳಗೆ ಎರಡು ದೀಪ!

“ಎರಡೂ ಒಂದೇ ಥರ ಇತ್ತಲ್ಲ ಸಾರ್, ಒಂದು ತೆಗ್ದಾಕ್ದೆ. ವಯಸ್ಸಾದೋರು ಒಬ್ರೇ ಇದ್ರೆ ಹಾರ ನಾವೇ ಹಾಕ್ಬಿಡ್ತೀವಿ,” ಎಂದ ಲ್ಯಾಬಿನವನು.

“ಅಜ್ಜಿ ಬದುಕವ್ರೆ ಕಣ್ರೀ! ಹೊರಗೆ ಸ್ಕೂಟರ್ ಹತ್ರ ನಿಂತವ್ರೆ!”

ಅವನು ಇಣುಕಿ ನೋಡಿ ದನಿ ತಗ್ಗಿಸಿದ: “ಬಿಸಾಕ್ಬೇಡಿ ಸಾರ್, ಎತ್ತಿಟ್ಕೊಳಿ. ಮುಂದಕ್ಕೆ ಬೇಕಾಗ್ತದೆ.”

ಪೇಪರ್ ಸುತ್ತಿದ ಆ ಫ್ರೇಮನ್ನು ಪಕ್ಕದ ನಮ್ಮೂರು ಮಧುರೆಯವರೆಗೂ ಮಡಿಲಲ್ಲಿ ಜೋಪಾನವಾಗಿ ಹಿಡಿದುಕೊಂಡು ಬಂದದ್ದು, ಹಿಂದೆ ಕೂತಿದ್ದ ಅಜ್ಜಿಯೇ.