ಬೆಂಕಿಯಿಲ್ಲದೆ ಬೆಂದ ಕೋಳಿ

ಗೆಳೆಯರೇ, ಇವತ್ತು ನಾವು ನೆಲೆಸಿರುವ ಪರದೇಶದ ಲ್ಯಾವಿಂಗ್ಟನ್ ಬಡಾವಣೆಯಲ್ಲಿರುವ ಮಗಳ ಶಾಲೆಯಿಂದ ನನಗೆ ಫೋನು ಬಂತು. ಹತ್ತು ವರ್ಷದ ಅನು ರಜೆಯ ಪ್ರಬಂಧದಲ್ಲಿ ಸುಳ್ಳು ಬರೆದಿದ್ದಾಳಂತೆ. ಸ್ಪೇನಿನ ಲಾಂಜರೋಟೆ ದ್ವೀಪದ ಜ್ವಾಲಾಮುಖಿ ಉದ್ಯಾನದಲ್ಲಿ ಬೆಂಕಿ ಹಚ್ಚದೆ ಕೋಳಿ ಬೇಯಿಸುತ್ತಾರೆ ಎಂದು ಬರೆದಿದ್ದಳು. ಕಳೆದ ತಿಂಗಳು ನಾವಿಬ್ಬರೂ ಅದನ್ನು ಕಣ್ಣಾರೆ ಕಂಡಿದ್ದೆವು.

ಸ್ಟುಡಿಯೋದಲ್ಲಿ ತೊಳೆಸಿದ್ದ ಫೋಟೋಗಳನ್ನು ಎತ್ತಿಕೊಂಡು ಶಾಲೆಗೆ ಓಡಿದೆ. ಟೀಚರ್ ಎದುರು ಲಕೋಟೆ ತೆರೆಯುವಷ್ಟರಲ್ಲಿ ಅನು ನನ್ನ ಕೈ ಹಿಡಿದಳು.

"ವೇಟ್ ಅಪ್ಪಾ, ಐ ವಿಲ್ ಎಕ್ಸ್‌ಪ್ಲೇನ್."

ಬೋರ್ಡಿನ ಮೇಲೆ ಬಾವಿಯಂಥ ಗುಂಡಿ ಬರೆದಳು. ನೆಲದಾಳದ ಬಿಸಿ ಅದರಿಂದ ಮೇಲೇರುವುದನ್ನು, ಬಾಯಿಗೆ ಜಾಲರಿ ಇಟ್ಟು ಕೋಳಿ ಬೇಯಿಸುವುದನ್ನು, ಪಕ್ಕದ ಕೊಳವೆಗೆ ನೀರು ಸುರಿದರೆ ಹಬೆ ಚಿಮ್ಮುವುದನ್ನು ತಡವರಿಸದೆ ವಿವರಿಸಿದಳು.

ಟೀಚರ್ ಎದ್ದು ಬೋರ್ಡಿನ ಹತ್ತಿರ ಬಂದರು. "ಸಾರಿ ಅನು, ತಪ್ಪು ನನ್ನದು. ನಾಳೆ ಇಡೀ ಕ್ಲಾಸಿಗೆ ನೀನೇ ಇದನ್ನು ಹೇಳಿಕೊಡಬೇಕು" ಎಂದರು. ಫೋಟೋ ಕೇಳಲೇ ಇಲ್ಲ.

ಹೊರಡುವಾಗ ಗೇಟಿನ ಕಾವಲುಗಾರನಿಗೆ, "ಇವಳು ನನ್ನ ಮಗಳು" ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. ಆತ ನಕ್ಕು, "ಸವಾ, ಸವಾ" ಎಂದು, ತನ್ನ ಭಾಷೆಯಲ್ಲಿ 'ಸರಿ, ಸರಿ' ಎನ್ನುತ್ತ ತಲೆಯಾಡಿಸಿದ. ಅವನಿಗೆ ಅರ್ಥವಾಯಿತೋ ಇಲ್ಲವೋ, ನಾನಂತೂ ಇನ್ನೊಮ್ಮೆ ಹೇಳಿದೆ.